ಡೀಸೆಲ್‌ಗೂ ಎರಡು ರಾತ್ರಿ ನಿದ್ದೆ ಬೇಕು

ಹೋದ ಫೆಬ್ರವರಿಯಲ್ಲಿ ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆಯುತ್ತಿದ್ದೆವು. ಹಳ್ಳದ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿ, ಅದರ ಹಿಂದೆ ತಿರುಗುವ ದಂಡಕ್ಕೆ (ಪಿಟಿಓ) ಪಂಪು ಸಿಕ್ಕಿಸಿ, ಬೆಳಗಿನ ಜಾವದಿಂದ ನೀರು ಹಾರುತ್ತಿತ್ತು. ಒಂಬತ್ತು ಗಂಟೆ ಹೊತ್ತಿಗೆ ಎಂಜಿನ್ ಎರಡು ಸಲ ಕೆಮ್ಮಿತು, ನಿಂತಿತು. ಹೂವಿನ ನೀರು ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂದು ತೋಟ ಇದ್ದವರಿಗೆ ಹೇಳಬೇಕಾಗಿಲ್ಲ. ಮೊಗ್ಗು ಸರಿಯಾಗಿ ಅರಳುವುದಿಲ್ಲ, ವರ್ಷದ ಫಸಲು ಅಲ್ಲೇ ಹೋಯಿತು. ಡ್ರೈವರ್ ಫಿಲ್ಟರ್ ಕೆಳಗಿನ ಬಟ್ಟಲು ಬಿಚ್ಚಿ ನನಗೆ ತಂದು ತೋರಿಸಿದ. "ಅಮ್ಮಾರೇ, ಇದ್ರಲ್ಲಿ ಡೀಸೆಲ್ ಎಲ್ಲಿದೆ, ಎಲ್ಲಾ ನೀರೇ" ಅಂದ.

ನಮ್ಮ ಮೊಮ್ಮಗ ತಕ್ಷಣ ಬಂಕಿನವರನ್ನು ಬೈಯಲು ಶುರು ಮಾಡಿದ. ಬಂಕಿನವರು ಏನೂ ಮಾಡಿರಲಿಲ್ಲ. ಮಾಡಿದ್ದು ಇವನೇ. ಮನೆಯಲ್ಲಿ ಡೀಸೆಲ್ ಕೂಡಿಡುವ ಬ್ಯಾರಲನ್ನು ಬಿಸಿಲು ಮಳೆಗೆ ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ್ದ. ಅದರ ಬಾಯಿಗೆ ಆನ್‌ಲೈನಲ್ಲಿ ತರಿಸಿದ 12 ವೋಲ್ಟಿನ ಪಂಪು ಕೂರಿಸಿ, ಹೀರುವ ಪೈಪನ್ನು ತಳಕ್ಕೆ ಮುಟ್ಟುವಂತೆ ಬಿಟ್ಟಿದ್ದ. ಪಂಪಿಗೆ ಚಂದದ ಗನ್ನು, ತಾನೇ ನಿಲ್ಲುವ ಕಟ್ಟಾಫ್ ಎಲ್ಲಾ ಇತ್ತು. ತಳದಲ್ಲಿದ್ದ ಕೊಳೆಯನ್ನೆಲ್ಲ ಒಂದು ಹನಿ ಬಿಡದೆ ಟ್ರ್ಯಾಕ್ಟರ್ ಹೊಟ್ಟೆಗೆ ಸೇರಿಸಿತ್ತು ಅಷ್ಟೇ. ಕೇಳಿದರೆ, "ಈಗೆಲ್ಲಾ ಬಿಎಸ್ 6 ಡೀಸೆಲ್ ಅಜ್ಜಿ, ಪೂರ್ತಿ ಕ್ಲೀನ್" ಅಂತಾನೆ. 2020ರ ಏಪ್ರಿಲ್‌ನಿಂದ ಬರುತ್ತಿರುವ ಡೀಸೆಲ್‌ನಲ್ಲಿ ಗಂಧಕ ತೀರಾ ಕಡಿಮೆ, 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಹತ್ತು, ನಿಜ. ಅದು ಹೊಗೆಯ ಮಾತಾಯಿತು. ನೀರು ಬಿದ್ದರೆ ಯಾವ ಡೀಸೆಲ್ ಆದರೂ ಒಂದೇ.

ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಮೂಡಿಗೆರೆ ಕಡೆ ಆರಿದ್ರಾದಿಂದ ಆಶ್ಲೇಷದವರೆಗೆ ಸುರಿಯುವುದನ್ನು ನೋಡಿಯೂ ಕೇಳುತ್ತಾರಲ್ಲ! ನೆಟ್ಟಗೆ ನಿಂತ ಬ್ಯಾರಲಿನ ತಲೆಯ ಮೇಲೆ, ಅಂಚಿನ ಒಳಗೆ, ತಟ್ಟೆಯಲ್ಲಿ ನಿಂತ ಹಾಗೆ ನೀರು ನಿಲ್ಲುತ್ತದೆ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಬ್ಯಾರಲ್ ಉಸಿರು ಒಳಗೆ ಎಳೆದುಕೊಳ್ಳುತ್ತದೆ, ಬಿರಡೆಯ ಸಂದಿನಿಂದ ಆ ನೀರೂ ಜೊತೆಗೆ ಹೋಗುತ್ತದೆ. ಬಿರಡೆ ಎಷ್ಟು ಬಿಗಿ ಮಾಡಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ಮಳೆ ಬೀಳದ ಕಡೆ ಇಟ್ಟರೂ, ಅರ್ಧ ಖಾಲಿ ಬ್ಯಾರಲಿನ ಒಳಗೋಡೆ ಚಳಿಗೆ ಬೆವರುತ್ತದೆ. ಹಾಗೆ ಬೆವರಿದ ನೀರು ತಳಕ್ಕೆ ಇಳಿದು ಕೂರುತ್ತದೆ. ಆ ನೀರಿಗೂ ಡೀಸೆಲ್‌ಗೂ ನಡುವೆ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಫಿಲ್ಟರ್ ಕಟ್ಟಿಕೊಳ್ಳುವುದು ಆ ಲೋಳೆಯಿಂದಲೇ.

ಮೊದಲು ಜಾಗ ನೋಡಿ. ನಮ್ಮ ಮಲೆನಾಡಿನಲ್ಲಿ ದೇವರು ದರೆ, ಅಂದರೆ ಕಡಿದಾದ ಮಣ್ಣಿನ ಅಂಚು, ಕೊಟ್ಟಿದ್ದಾನೆ, ಅದನ್ನು ಬಿಟ್ಟು ಕರೆಂಟಿನ ಪಂಪು ಯಾಕೆ ಹುಡುಕುತ್ತೀರೋ. ನಮ್ಮಲ್ಲಿ ಮೇಲಿನ ಅಂಗಳದ ಅಂಚಿನಲ್ಲಿ ಬ್ಯಾರಲ್, ದರೆಯ ಕೆಳಗಿನ ದಾರಿಯಲ್ಲಿ ಟ್ರ್ಯಾಕ್ಟರ್. ಪೈಪು ಇಳಿಬಿಟ್ಟು ಕೊಳಾಯಿ ತಿರುಗಿಸಿದರೆ ಡೀಸೆಲ್ ತಾನಾಗಿ ಇಳಿಯುತ್ತದೆ. ವಾರಗಟ್ಟಲೆ ಕರೆಂಟು ಹೋದರೂ ಚಿಂತೆ ಇಲ್ಲ. ಪಿಕಪ್ಪಿನಲ್ಲಿ ಬಂದ ಡೀಸೆಲನ್ನು ಮೇಲಿನ ಬ್ಯಾರಲಿಗೆ ಏರಿಸಲು ಮಾತ್ರ ತಿರುಗಿಸುವ ಕೈಪಂಪು ಸಾಕು. ತುಂಬಿದ ಬ್ಯಾರಲ್ ಎತ್ತುವ ಪೌರುಷ ತೋರಿಸಬೇಡಿ. 200 ಲೀಟರ್ ಅಂದರೆ ಡೀಸೆಲ್ ಒಂದೇ ಸುಮಾರು 165 ಕಿಲೋ ತೂಗುತ್ತದೆ.

ಮೇಲೆ ತಗಡಿನ ಮಾಡು ಇರಲಿ, ಸುತ್ತ ಗಾಳಿ ಆಡಲಿ. ಬಾವಿಯಿಂದ, ಹಳ್ಳದಿಂದ, ಒಲೆಯಿಂದ, ಹಂಡೆ ಒಲೆಯಿಂದಲೂ ದೂರ. ಕಾಫಿ ಮೂಟೆ ಇಡುವ ಗೋಡೌನಿನಲ್ಲಿ ಮಾತ್ರ ಇಡಲೇಬೇಡಿ. ಒಣಗಿದ ಕಾಫಿ ಬೇಳೆ ಯಾವ ವಾಸನೆ ಪಕ್ಕದಲ್ಲಿದ್ದರೂ ಹೀರಿಕೊಳ್ಳುತ್ತದೆ. ನಮ್ಮ ಮಾವನವರ ಕಾಲದಲ್ಲಿ ಹೀಗೇ ಸೀಮೆಎಣ್ಣೆ ಡಬ್ಬ ಪಕ್ಕ ಇಟ್ಟ ಎರಡು ಮೂಟೆಯನ್ನು ವ್ಯಾಪಾರಿ ಮೂಸಿ ನೋಡಿ ಪಕ್ಕಕ್ಕೆ ಇಡಿಸಿದ. ಮಾವನವರು ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ.

ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಕಾನೂನೂ ಇದೆ. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಡೀಸೆಲ್ ಬಿ ವರ್ಗಕ್ಕೆ ಸೇರುತ್ತದೆ. ಒಂದು ಜಾಗದಲ್ಲಿ ಒಟ್ಟು 2500 ಲೀಟರ್ ಮೀರದೆ, ಯಾವ ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಾಗಿರದೆ ಇದ್ದರೆ ಲೈಸೆನ್ಸ್ ಬೇಡ. ನಮ್ಮಂಥವರಿಗೆ ಎರಡು ಬ್ಯಾರಲ್ ಸಾಕು. ಆರು ತಿಂಗಳಿಗಿಂತ ಜಾಸ್ತಿ ಕೂಡಿಡುವುದೂ ಬೇಡ, ಹಳೆಯದಾದಷ್ಟೂ ಅಂಟು ಕಟ್ಟುತ್ತದೆ.

ಬ್ಯಾರಲ್ ಸಾದಾ ಕಬ್ಬಿಣದ್ದೇ ಇರಲಿ. ಒಳಗೆ ಸತುವಿನ ಲೇಪ ಇರುವ ಜಿಐ ತೊಟ್ಟಿ, ಜಿಐ ಪೈಪು, ತಾಮ್ರದ ಪೈಪು ಡೀಸೆಲ್‌ಗೆ ಆಗಿಬರುವುದಿಲ್ಲ. ತೋಟಕ್ಕೆ ಹೊಡೆಯುವ ಔಷಧಿ ಬಂದ ಡ್ರಮ್ಮು ತೊಳೆದು ತುಂಬಿಸುವವರನ್ನು ನೋಡಿದ್ದೇನೆ, ಅವರಿಗೆ ಏನು ಹೇಳಲಿ. ಇನ್ನೊಂದು ಮಾತು, ಇದನ್ನು ಕಿವಿಗೆ ಹಾಕಿಕೊಳ್ಳಿ: ಡೀಸೆಲ್ ಇದ್ದ ಬ್ಯಾರಲಿಗೆ ವೆಲ್ಡಿಂಗ್ ಹಿಡಿಸಬೇಡಿ. ಖಾಲಿ ಇದೆ, ಒಣಗಿದೆ, ಸೋಪು ಹಾಕಿ ತೊಳೆದಿದ್ದೇವೆ ಎಂದರೂ ಬೇಡ. ಒಳಗೆ ಉಳಿದ ಆವಿ ಬಾಂಬಿನ ಹಾಗೆ ಸಿಡಿಯುತ್ತದೆ. ವೆಲ್ಡಿಂಗ್ ಕೆಲಸ ಏನಿದ್ದರೂ, ಇಲ್ಲಿಯವರೆಗೆ ಏನೂ ತುಂಬದ ಹೊಸ ಬ್ಯಾರಲಿಗೆ ಮೊದಲೇ ಮುಗಿಸಿಕೊಳ್ಳಿ.

ಆ ಕೆಲಸ ಏನು ಎಂದರೆ, ಇಲ್ಲೇ ನನ್ನ ಹಠ ಇರುವುದು. ಮನೆಯವರೆಲ್ಲ ನಗುತ್ತಾರೆ, ನಗಲಿ. ನೀವು ಸುಣ್ಣ ನೆನೆಸಿ ತಿಳಿ ತೆಗೆದಿದ್ದೀರಾ? ರಾತ್ರಿ ನೆನೆಹಾಕಿ, ಬೆಳಿಗ್ಗೆ ಮಡಕೆ ಅಲುಗಾಡಿಸದೆ, ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿಕೊಳ್ಳುತ್ತೇವೆ. ಡೀಸೆಲ್‌ನದೂ ಅದೇ ಲೆಕ್ಕ. ನಮಗೆ ಬೇಕಾದ್ದು ತಿಳಿ. ಗಸಿ ಅದರ ಜಾಗದಲ್ಲೇ ಇರಲಿ.

ಬ್ಯಾರಲನ್ನು ಮಲಗಿಸಬೇಕು. ಎರಡು ಬಿರಡೆ ಇರುವ ಮುಖ ದರೆಯ ಕಡೆಗೆ, ದೊಡ್ಡ ಬಿರಡೆ ಮೇಲೆ, ಸಣ್ಣ ಬಿರಡೆ ಕೆಳಗೆ ಬರುವಂತೆ. ಕೆಳಗಿನ ಸಣ್ಣ ಬಿರಡೆಗೆ ಕೊಳಾಯಿ. ಕೂರಿಸುವ ಕಟ್ಟೆ ಸೈಜುಗಲ್ಲಿನದಾದರೆ ಒಳ್ಳೆಯದು, ಸಿಲ್ವರ್ ಓಕ್ ಮರದ ದಿಮ್ಮಿ ಎರಡು ಮಳೆಗಾಲಕ್ಕೆ ಗೆದ್ದಲು ತಿಂದು ಮುಗಿಸುತ್ತದೆ. ಕೊಳಾಯಿ ಇರುವ ಮುಂಭಾಗ ಹಿಂಭಾಗಕ್ಕಿಂತ ಎರಡು ಬೆರಳು ಎತ್ತರ ಇರಬೇಕು. ಎಲ್ಲರೂ ಮಾಡುವುದು ಉಲ್ಟಾ. ಕೊನೆಯ ಹನಿಯೂ ಬರಲಿ ಎಂಬ ಆಸೆಗೆ ಕೊಳಾಯಿ ಕಡೆಗೇ ಇಳಿಜಾರು ಕೊಡುತ್ತಾರೆ, ಆಗ ಮೊದಲ ಹನಿಯೇ ನೀರು. ಹಿಂದಕ್ಕೆ ವಾಲಿದರೆ ನೀರು, ತುಕ್ಕು, ಲೋಳೆ ಎಲ್ಲಾ ಹಿಂದಿನ ಮೂಲೆಗೆ ಸರಿಯುತ್ತದೆ. ಆ ಮೂಲೆಯ ತೀರಾ ಕೆಳಗೆ ಇನ್ನೊಂದು ಸಣ್ಣ ಕೊಳಾಯಿ, ಗಸಿ ಬಿಡುವುದಕ್ಕೆ. ವೆಲ್ಡಿಂಗ್ ಬೇಕಾಗಿರುವುದು ಇದೊಂದಕ್ಕೆ.

ಮೇಲಿನ ದೊಡ್ಡ ಬಿರಡೆಯ ಜಾಗಕ್ಕೆ ಗಾಳಿಪೈಪು. ಬ್ಯಾರಲಿಗಿಂತ ಒಂದು ಗೇಣು ಮೇಲೆ ಹೋಗಿ, ಕೊಡೆಯ ಹಿಡಿಯ ಹಾಗೆ ಕೆಳಗೆ ಬಗ್ಗಿರಬೇಕು. ತುದಿಗೆ ಸಣ್ಣ ಜಾಲರಿ ಕಟ್ಟಿ. ಕಟ್ಟದಿದ್ದರೆ ಕುಂಬಾರ ಹುಳ ಒಂದೇ ವಾರದಲ್ಲಿ ಮಣ್ಣಿನ ಮನೆ ಕಟ್ಟಿ ಮುಚ್ಚುತ್ತದೆ, ಆಮೇಲೆ ಡೀಸೆಲ್ ಯಾಕೆ ಇಳಿಯುತ್ತಿಲ್ಲ ಎಂದು ಕೊಳಾಯಿಗೆ ಸುತ್ತಿಗೆಯಿಂದ ಹೊಡೆಯುತ್ತಾ ಕೂತಿರುತ್ತೀರಿ.

ಹೀಗೆ ಎರಡು ಬ್ಯಾರಲ್ ಅಕ್ಕಪಕ್ಕ. ಒಂದರಲ್ಲಿ ತೆಗೆಯುವಾಗ ಇನ್ನೊಂದು ಮಲಗಿರಬೇಕು. ಹೊಸದಾಗಿ ತುಂಬಿಸಿದ ಬ್ಯಾರಲನ್ನು ಎರಡು ರಾತ್ರಿ ಮುಟ್ಟುವಂತಿಲ್ಲ. ಸುರಿದ ಭರಕ್ಕೆ ತಳದ್ದೆಲ್ಲ ಮೇಲೆದ್ದಿರುತ್ತದೆ, ಇಳಿಯಲು ಹೊತ್ತು ಬೇಕು. "ಅರ್ಜೆಂಟ್ ಅಜ್ಜಿ" ಎಂದರೆ, ಪಕ್ಕದ ಬ್ಯಾರಲ್ ಯಾಕಿದೆ ಮಗಾ?

ಪ್ರತಿ ಸೋಮವಾರ ಬೆಳಿಗ್ಗೆ, ಯಾರೂ ಡೀಸೆಲ್ ತೆಗೆಯುವ ಮೊದಲು, ಹಿಂದಿನ ಕೊಳಾಯಿಯನ್ನು ಮೆಲ್ಲಗೆ ತಿರುಗಿಸಿ ಬಣ್ಣವಿಲ್ಲದ ಗಾಜಿನ ಬಾಟಲಿಗೆ ಹಿಡಿಯುತ್ತೇನೆ. ಪ್ಲಾಸ್ಟಿಕ್ ಬಾಟಲಿ ಬೇಡ, ಮಬ್ಬಾಗಿರುತ್ತದೆ. ಬಾಟಲಿ ಒಣಗಿರಬೇಕು, ಇಲ್ಲದಿದ್ದರೆ ಅದರ ನೀರನ್ನೇ ನೋಡಿ ಗಾಬರಿಯಾಗುತ್ತೀರಿ. ಸೂರ್ಯನ ಕಡೆ ಹಿಡಿದು ಒಂದು ಸುತ್ತು ತಿರುಗಿಸಿ. ನೀರಿದ್ದರೆ ಕೆಸುವಿನ ಎಲೆಯ ಮೇಲೆ ಓಡಾಡುವ ಹಾಗೆ ತಳದಲ್ಲಿ ಗುಂಡುಗುಂಡಾಗಿ ಓಡಾಡುತ್ತದೆ. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿದ್ದರೆ ಇನ್ನೂ ಇಳಿದಿಲ್ಲ, ಮಲಗಲು ಬಿಡಿ. ಕಪ್ಪು ಎಳೆ ತೇಲುತ್ತಿದ್ದರೆ ಲೋಳೆ ಶುರುವಾಗಿದೆ, ಆ ಬ್ಯಾರಲ್ ಖಾಲಿ ಮಾಡಿ ತೊಳೆಯಬೇಕು. ಬಾಟಲಿಯ ಹಿಂದೆ ಕ್ಯಾಲೆಂಡರ್ ಹಿಡಿದರೆ ತಿಥಿ, ನಕ್ಷತ್ರ ಓದಲು ಬರಬೇಕು. ಅಂಥ ಡೀಸೆಲ್ ಬರುವವರೆಗೆ ಬಿಡುತ್ತಾ ಹೋಗಿ. ಸಾಮಾನ್ಯವಾಗಿ ಅರ್ಧ ಬಾಟಲಿಗೆ ಮುಗಿಯುತ್ತದೆ, ಮಳೆಗಾಲದಲ್ಲಿ ಒಂದೂವರೆ. ಬಿಟ್ಟದ್ದನ್ನು ಚರಂಡಿಗೆ ಚೆಲ್ಲಬೇಡಿ. ಡಬ್ಬದಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ, ಮೇಲಿನದು ಗುದ್ದಲಿ, ಕತ್ತಿಗೆ ತುಕ್ಕು ಹಿಡಿಯದಂತೆ ಸವರಲು ಬರುತ್ತದೆ.

ತುಪ್ಪ ಕಾಯಿಸುವಾಗಲೂ ಈಗಿನವರು ಹೀಗೇ. ನೊರೆ ಅಡಗುವ ಮೊದಲೇ ಬಗ್ಗಿಸಿ, ಗಸಿಯನ್ನೂ ಸೇರಿಸಿ, ಹದಿನೈದು ದಿನಕ್ಕೆ ತುಪ್ಪ ಮುಗ್ಗಲು ಎನ್ನುತ್ತಾರೆ. ಒಲೆ ಆರಿಸಿ ಒಂದು ಗಳಿಗೆ ಸುಮ್ನೆ ಬಿಟ್ಟರೆ ಗಂಟೇನು ಹೋಗುತ್ತದೆ? ಸೊಸೆಗೆ ಹೇಳಿ ಹೇಳಿ ಸಾಕಾಗಿದೆ.

ಇರಲಿ. ಮನೆಯಲ್ಲಿ ದರೆ ಇಲ್ಲದೆ, ನೆಟ್ಟಗೆ ನಿಂತ ಬ್ಯಾರಲಿನಿಂದಲೇ ಪಂಪು ಮಾಡಬೇಕಾದವರು ಹೀರುವ ಪೈಪನ್ನು ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಕತ್ತರಿಸಿ. ಬ್ಯಾರಲ್ ಹೊರಗೇ ಇದ್ದರೆ ಒಂದು ಕಡೆ ಕಲ್ಲು ಕೊಟ್ಟು ವಾಲಿಸಿ, ಬಿರಡೆಗಳು ನೀರು ನಿಲ್ಲುವ ತಗ್ಗಿಗೆ ಬರಬಾರದು. ಪಂಪು ಡೀಸೆಲ್‌ಗೆಂದೇ ಮಾಡಿದ್ದು ತನ್ನಿ. ಮನೆ ನೀರಿನ ಮೋಟಾರು ಹಾಕಿ ನೋಡುವ ಬುದ್ಧಿವಂತಿಕೆ ಬೇಡ. ಪೈಪೂ ಅಷ್ಟೇ, ತೋಟದ ಹಸಿರು ಪೈಪು ಬರಬರುತ್ತಾ ಕಡ್ಡಿಯಂತೆ ಗಟ್ಟಿಯಾಗಿ ಬಿರಿಯುತ್ತದೆ. ಎಣ್ಣೆ ತಡೆಯುವ ರಬ್ಬರ್ ಪೈಪು ಎಂದು ಕೇಳಿ ತನ್ನಿ. ಟ್ರ್ಯಾಕ್ಟರ್ ಬಾಯಿಗೆ ಬಟ್ಟೆ ಇಟ್ಟು ಸೋಸುವವರು ಒಂದು ತಿಳಿದಿರಬೇಕು. ಬಟ್ಟೆ ಕಸ ಹಿಡಿಯುತ್ತದೆ, ನೀರನ್ನು ಹಿಡಿಯುವುದಿಲ್ಲ. ಜುಂಗು ಬಿಡುವ ಟವೆಲ್ ಆದರೆ ಅದೇ ಹೊಸ ಕಸ.

ಬಾಯಿ ಹಾಕಿ ಪೈಪು ಎಳೆಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂಬಾರದು, ವಾಂತಿಯಲ್ಲೇ ಅದು ಉಸಿರಿನ ದಾರಿಗೆ ಹೋಗುತ್ತದೆ. ಸೀದಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮುನ್ನೂರು ನಾನೂರು ರೂಪಾಯಿಗೆ ಕೈಯಲ್ಲಿ ಅಮುಕುವ ಪಂಪು ಸಿಗುವಾಗ ಈ ಶೌರ್ಯ ಯಾರಿಗೆ ಬೇಕು?

ಬ್ಯಾರಲಿನ ಕೆಳಗೆ, ಸುತ್ತ ಮೊಣಕಾಲುದ್ದ ಇಟ್ಟಿಗೆ ಕಟ್ಟಿಸಿ ಒಳಗೆ ಗಾರೆ ಮಾಡಿಸಿ. ಕೊಳಾಯಿ ಕಿತ್ತರೂ ಒಂದು ಬ್ಯಾರಲ್ ಡೀಸೆಲ್ ಅದರಲ್ಲೇ ನಿಲ್ಲಬೇಕು, ಕೆಳಗಿನ ಗದ್ದೆಗೆ ಹೋಗಬಾರದು. ಅಲ್ಲಿ ಇಲ್ಲಿ ತೊಟ್ಟಿಕ್ಕಿದ್ದಕ್ಕೆ ಒಣಮಣ್ಣು ಎರಚಿ ಗುಡಿಸಿ ತೆಗೆಯಿರಿ, ಅದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಎರಡು ಬಕೆಟ್ ಮರಳು, ಬೆಂಕಿ ಆರಿಸುವ ಒಂದು ಪುಡಿಯ ಸಿಲಿಂಡರ್ ಪಕ್ಕದಲ್ಲಿರಲಿ. ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಉರಿಯುವ ಡೀಸೆಲ್ ನೀರಿನ ಮೇಲೆ ತೇಲಿಕೊಂಡು ಇನ್ನೂ ದೂರ ಹೋಗುತ್ತದೆ.

ಡೀಸೆಲ್ ಬಿದ್ದ ಪ್ಯಾಂಟನ್ನು ಸೀದಾ ವಾಷಿಂಗ್ ಮೆಷಿನ್ನಿಗೆ ತುರುಕಬೇಡಿ, ಮನೆಮಂದಿಯ ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ಮೊದಲು ಗಾಳಿಗೆ ನೇತುಹಾಕಿ, ಆಮೇಲೆ ಸೀಗೆಪುಡಿ ಉಜ್ಜಿ ಬೇರೆ ಒಗೆಯಿರಿ. ಕೈಗೂ ಅದೇ.

ಟ್ರ್ಯಾಕ್ಟರ್ ಟ್ಯಾಂಕನ್ನು ಸಂಜೆ ಕೆಲಸ ಬಿಟ್ಟ ಮೇಲೆ ತುಂಬಿಸಿಡಿ, ಬೆಳಿಗ್ಗೆ ಅಲ್ಲ. ಖಾಲಿ ಟ್ಯಾಂಕೂ ರಾತ್ರಿ ಬೆವರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಬ್ಯಾರಲಿನ ಪಕ್ಕೆಗೆ ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬನ್ನಿ, ಹಲಸಿನಹಣ್ಣು ತಟ್ಟಿದಂತೆ. ಸದ್ದು ಎಲ್ಲಿ ಮಂದವಾಗುತ್ತದೋ ಅಲ್ಲಿಗೆ ಡೀಸೆಲ್ ಇದೆ.

ಎರಡೂ ಕೊಳಾಯಿಗೆ ಬೀಗ ಬೇಕು. ನಮ್ಮಲ್ಲಿ ಕೀ ಅಡುಗೆಮನೆಯ ಮೊಳೆಗೆ ನೇತಾಡುತ್ತದೆ, ಸೋಮವಾರದ ಬಾಟಲಿ ಕಿಟಕಿಯ ಹೊರಗಟ್ಟೆಯ ಮೇಲಿರುತ್ತದೆ. ಮೊಮ್ಮಗ ಕೀ ಕೇಳಲು ಬಂದರೆ, ಮೊದಲು ಆ ಬಾಟಲಿ ಎತ್ತಿ ಇವತ್ತಿನ ನಕ್ಷತ್ರ ಓದು ಎನ್ನುತ್ತೇನೆ.