ಫ್ರೀಜರಿನಲ್ಲಿ ಇಟ್ಟ ಸೀರಮ್

ನಾನು ಲಿವರ್ ವಾರ್ಡಿಗೆ ಸೇರಿದ್ದು 1986ರಲ್ಲಿ. ಆಗ ಲಿವರಿಗೆ ಉರಿಯೂತ ತರುವ ಹೆಪಟೈಟಿಸ್ ಎ ಮತ್ತು ಬಿ ವೈರಸ್ಸುಗಳಿಗೆ ಪರೀಕ್ಷೆ ಇತ್ತು. ಎರಡೂ ನೆಗೆಟಿವ್ ಬಂದರೆ ಕೇಸ್ ಶೀಟಿನಲ್ಲಿ ‘ಎ ಅಲ್ಲ, ಬಿ ಅಲ್ಲ’ ಎಂದು ಬರೆಯುತ್ತಿದ್ದೆವು. ಕಾಯಿಲೆಗೆ ಹೆಸರೇ ಇರಲಿಲ್ಲ. ಅಂಥವರಲ್ಲಿ ಹೆಚ್ಚಿನವರು ಹಿಂದೆ ಯಾವಾಗಲೋ ರಕ್ತ ಹಾಕಿಸಿಕೊಂಡವರು. ಕಾಮಾಲೆ ಇಲ್ಲ, ನೋವಿಲ್ಲ, ಬರೀ ಸುಸ್ತು. ರಕ್ತದಲ್ಲಿ ಎಎಲ್‌ಟಿ (ಲಿವರಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ) ಮಾತ್ರ ಏರುತ್ತಾ ಇಳಿಯುತ್ತಾ ಇರುತ್ತಿತ್ತು.

ನಮ್ಮ ಗುರುಗಳು ಒಂದು ಅಭ್ಯಾಸ ಕಲಿಸಿದರು. ಇಂಥ ಪ್ರತಿಯೊಬ್ಬರ ಒಪ್ಪಿಗೆ ಪಡೆದು, ಅವರ ಸೀರಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಸಣ್ಣ ಟ್ಯೂಬುಗಳಿಗೆ ಹಂಚಿ, ತಾರೀಕು ಬರೆದು ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಎಲ್ಲವನ್ನೂ ಒಂದೇ ಟ್ಯೂಬಿಗೆ ಸುರಿದಿಟ್ಟರೆ, ಪ್ರತಿ ಸಲ ಕರಗಿಸಿದಾಗಲೂ ಅದು ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. “ಇದನ್ನ ಏನು ಕೇಳಬೇಕು ಅಂತ ಇವತ್ತು ನಮಗೆ ಗೊತ್ತಿಲ್ಲ. ಗೊತ್ತಾದ ದಿನ ಇದು ಇರಬೇಕು ಅಲ್ವಾ?” ಎನ್ನುತ್ತಿದ್ದರು.

ಮೂರೇ ವರ್ಷಕ್ಕೆ ಆ ದಿನ ಬಂತು. 1989ರಲ್ಲಿ ವಿಜ್ಞಾನಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಹೆಪಟೈಟಿಸ್ ಸಿ ವೈರಸ್ ಪತ್ತೆ ಮಾಡಿದ ಸುದ್ದಿ ಪ್ರಕಟವಾಯಿತು. ಅವರು ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸಿರಲಿಲ್ಲ. ಸೋಂಕಿದ ಚಿಂಪಾಂಜಿಯ ರಕ್ತದಿಂದ ತೆಗೆದ ಜೀನ್ ತುಣುಕುಗಳನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಯಾವ ತುಣುಕಿನ ಪ್ರೋಟೀನನ್ನು ರೋಗಿಯ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ಪ್ರೋಟೀನ್) ಗುರುತು ಹಿಡಿಯುತ್ತದೆ ಎಂದು ಹುಡುಕಿದ್ದರು. ಅದರಿಂದ ಅವರು ಮಾಡಿದ ರಕ್ತ ಪರೀಕ್ಷೆ ನಿಜವಾಗಿ ಕೆಲಸ ಮಾಡುತ್ತದೆ ಎಂದು ತೋರಿಸಲು ನೆರವಾದದ್ದು ಅಮೆರಿಕದ ವೈದ್ಯ ವಿಜ್ಞಾನಿ ಹಾರ್ವೆ ಆಲ್ಟರ್ ವರ್ಷಗಟ್ಟಲೆ ಕಾಪಾಡಿಟ್ಟಿದ್ದ ಮಾದರಿಗಳು. ಅದನ್ನು ಓದಿದ ದಿನ ಗುರುಗಳ ಮಾತಿನ ತೂಕ ನನಗೆ ಅರ್ಥವಾಯಿತು.

ಆ ಪರೀಕ್ಷೆಯ ಕಿಟ್ ಕೈಗೆ ಬಂದಾಗ ನಮ್ಮ ಹಳೆಯ ಟ್ಯೂಬುಗಳನ್ನು ತೆಗೆದೆವು. ಹೆಸರಿಲ್ಲದ ಎಷ್ಟೋ ಕೇಸುಗಳಿಗೆ ಹೆಸರು ಸಿಕ್ಕಿತು. ಆದರೆ ಆ ಮೊದಲ ಪರೀಕ್ಷೆಗಳು ಸೋಂಕು ಇಲ್ಲದವರನ್ನೂ ಒಮ್ಮೊಮ್ಮೆ ಪಾಸಿಟಿವ್ ಎನ್ನುತ್ತಿದ್ದವು. ಒಬ್ಬ ತಾಯಿ ಅಂಥ ರಿಪೋರ್ಟ್ ನಂಬಿ ತನ್ನ ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಎತ್ತಿಕೊಂಡರೆ, ಮುದ್ದು ಮಾಡಿದರೆ ಹೆಪಟೈಟಿಸ್ ಸಿ ಹರಡುವುದಿಲ್ಲ. ಅದು ರಕ್ತದಿಂದ ಹರಡುವ ಸೋಂಕು. ಇದನ್ನು ಅವರಿಗೆ ಯಾರೂ ಕೂತು ಹೇಳಿರಲಿಲ್ಲ. ಆಂಟಿಬಾಡಿ ನೋಡಿದರೆ ಸಾಲದು, ವೈರಸ್ಸನ್ನೇ ಹುಡುಕಬೇಕು ಎಂದು ನಾನು ಪಿಸಿಆರ್ (ಜೀನ್ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆ ಮಾಡುವ ವಿಧಾನ) ಕೆಲಸಕ್ಕೆ ಇಳಿದದ್ದು ಅವರಿಂದಾಗಿ.

ಆ ಕೆಲಸದಲ್ಲೇ ನನ್ನ ದೊಡ್ಡ ತಪ್ಪೂ ಆಯಿತು. ಒಂದು ವಾರ ಪರೀಕ್ಷಿಸಿದ್ದೆಲ್ಲ ಪಾಸಿಟಿವ್. ಖುಷಿಯಿಂದ ಸಮ್ಮೇಳನಕ್ಕೆ ಸಾರಾಂಶವನ್ನೂ ಕಳಿಸಿಬಿಟ್ಟೆ. ಆಮೇಲೆ ಸುಮ್ನೆ ನೀರು ಹಾಕಿದ ಟ್ಯೂಬುಗಳನ್ನು ಓಡಿಸಿ ನೋಡಿದರೆ ಅವೂ ಪಾಸಿಟಿವ್! ಪಿಸಿಆರ್ ಒಂದು ತುಣುಕನ್ನು ಕೋಟಿಗಟ್ಟಲೆ ಮಾಡುತ್ತದೆ. ಟ್ಯೂಬಿನ ಮುಚ್ಚಳ ತೆಗೆದಾಗ ಹಾರುವ ಕಣ್ಣಿಗೆ ಕಾಣದ ಹನಿ ಮುಂದಿನ ಪರೀಕ್ಷೆಯನ್ನು ಕೆಡಿಸಲು ಸಾಕು. ನನ್ನ ಪಿಪೆಟ್, ಮೇಜು, ಕೋಟಿನ ತೋಳು ಎಲ್ಲದರಲ್ಲೂ ಅದು ಸೇರಿಕೊಂಡಿತ್ತು. ಸಾರಾಂಶ ವಾಪಸ್ ಪಡೆದೆ. ಅಷ್ಟೂ ಫಲಿತಾಂಶ ಬಿಸಾಡಿದೆ. ಮಿಶ್ರಣ ಮಾಡಲು ಒಂದು ಕೋಣೆ, ಮಾದರಿ ಹಾಕಲು ಇನ್ನೊಂದು, ಫಲಿತಾಂಶ ನೋಡಲು ಮತ್ತೊಂದು ಎಂದು ಬೇರೆ ಮಾಡಿದೆವು. ಕೊನೆಯ ಕೋಣೆಗೆ ಹೋದವರು ಆ ದಿನ ಮೊದಲನೆಯದಕ್ಕೆ ಮರಳುವಂತಿಲ್ಲ. ಮಾದರಿಗಳ ನಡುನಡುವೆ ನೀರಿನ ಟ್ಯೂಬು ಇರಲೇಬೇಕು. ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಕಲಿಸುವುದು ಈಗಲೂ ಇದನ್ನೇ. ಆ ತಾಯಿಯ ಸೀರಮನ್ನು ಹೊಸ ವ್ಯವಸ್ಥೆಯಲ್ಲಿ ಮೂರು ಸಲ ನೋಡಿದೆ. ವೈರಸ್ ಇರಲಿಲ್ಲ. ಆಮೇಲೆ ಬಂದ ಸುಧಾರಿತ ಆಂಟಿಬಾಡಿ ಪರೀಕ್ಷೆಯೂ ನೆಗೆಟಿವ್ ಆಯಿತು.

ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದ ಕಾಲದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಆ ಇಂಜೆಕ್ಷನ್ ಮತ್ತು ರಿಬಾವಿರಿನ್ ಎಂಬ ಔಷಧಿ ಸೇರಿ ಎಷ್ಟೋ ಜನರಿಗೆ 48 ವಾರ. ಜ್ವರ, ಮೈಕೈ ನೋವು, ಖಿನ್ನತೆ. ಇಷ್ಟೆಲ್ಲ ತಡೆದುಕೊಂಡರೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. 2013ರಲ್ಲಿ ವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ ಸೊಫೊಸ್ಬುವಿರ್ ಮಾತ್ರೆ ಬಂದ ಮೇಲೆ ಚಿತ್ರವೇ ಬದಲಾಯಿತು. ಈಗ ಹೆಚ್ಚಿನವರಿಗೆ 8ರಿಂದ 12 ವಾರದ ಮಾತ್ರೆ ಸಾಕು. ನೂರರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಆದರೆ ಅಷ್ಟರೊಳಗೆ ಸಿರೋಸಿಸ್ (ಲಿವರಿನಲ್ಲಿ ಕಲೆಗಟ್ಟಿ ಅದು ಗಟ್ಟಿಯಾಗುವುದು) ಆಗಿದ್ದರೆ ವೈರಸ್ ಹೋದ ಮೇಲೂ ಲಿವರ್ ಕ್ಯಾನ್ಸರಿನ ಭಯ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬೇಡಿ ಎಂದು ನಾನು ಅವರನ್ನು ಬೇಡಿಕೊಳ್ಳುತ್ತೇನೆ.

ನನ್ನ ಈಗಿನ ಕೆಲಸ ಹೆಪಟೈಟಿಸ್ ಬಿ ಮೇಲೆ. ಇದಕ್ಕೆ ಒಳ್ಳೆಯ ಲಸಿಕೆ ಇದೆ. ಹುಟ್ಟುವಾಗಲೇ ಸೋಂಕು ತಗುಲಿದ ನೂರು ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ಬಹುಕಾಲ ಉಳಿದುಬಿಡುತ್ತದೆ. ಅದಕ್ಕೇ ಮೊದಲ ಡೋಸ್ 24 ಗಂಟೆಯೊಳಗೆ ಬೀಳಬೇಕು. ಆದರೆ ಒಮ್ಮೆ ಉಳಿದುಕೊಂಡ ವೈರಸ್ಸನ್ನು ಬೇರುಸಹಿತ ಕೀಳುವುದು ಇನ್ನೂ ಕಷ್ಟ. ಅದರ ಡಿಎನ್‌ಎ ಲಿವರ್ ಜೀವಕೋಶದ ನಡುವಿನ ನ್ಯೂಕ್ಲಿಯಸ್‌ನಲ್ಲಿ ಉಂಗುರವಾಗಿ ಕೂತುಬಿಡುತ್ತದೆ. ಟೆನೊಫೊವಿರ್‌ನಂಥ ಮಾತ್ರೆಗಳು ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತವೆ. ಆದರೆ ಆ ಉಂಗುರವನ್ನು ಅಳಿಸುವುದಿಲ್ಲ. ಕೆಲವರ ರಕ್ತದಲ್ಲಿ ಮಾಮೂಲಿ ಪರೀಕ್ಷೆ ನೆಗೆಟಿವ್ ಬಂದರೂ ಲಿವರಿನಲ್ಲಿ ವೈರಸ್ ಅಡಗಿರುತ್ತದೆ.

1986ರ ಟ್ಯೂಬುಗಳಲ್ಲಿ ಕೆಲವಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ. ಸಿ ಪರೀಕ್ಷೆಯೂ ಅವುಗಳಲ್ಲಿ ಏನನ್ನೂ ಹಿಡಿಯಲಿಲ್ಲ. ಅಡಗಿದ ಬಿ ಇರಬಹುದೇ ಎಂದು ಈ ತಿಂಗಳು ಒಬ್ಬೊಬ್ಬರದೂ ಒಂದೊಂದು ಟ್ಯೂಬ್ ಕರಗಿಸುತ್ತಿದ್ದೇವೆ. ಉಳಿದವನ್ನು ಮುಟ್ಟಿಲ್ಲ.