ಬಡಕಲು ಕಪ್ಪೆ ಮನೆಗೆ ಬಂದರೆ: ಮೊದಲು ನೀರು, ಆಮೇಲೆ ಊಟ

ಸಾಕುಕಪ್ಪೆ ನಮ್ಮ ಕಡೆಯ ಮನೆಗಳಿಗೆ ಬರುವುದು ಹೆಚ್ಚಾಗಿ ಹೀಗೆ. ಮಂಗಳೂರಿನಲ್ಲಿ ಓದುವ ಹುಡುಗ ಅಕ್ವೇರಿಯಂ ಅಂಗಡಿಯಲ್ಲಿ ಚೆಂದ ಕಂಡಿತೆಂದು ಪ್ಯಾಕ್‌ಮ್ಯಾನ್ ಕಪ್ಪೆ ಕೊಳ್ಳುತ್ತಾನೆ. ಪರೀಕ್ಷೆ ಹತ್ತಿರ ಬಂದಾಗ ಕಾಸರಗೋಡು ಕಡೆಯ ಬದಿಯಡ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಮೂರು ತಿಂಗಳು ಕಳೆದ ಮೇಲೆ ಅತ್ತೆಯ ಫೋನು: "ನೀನಾದರೂ ಕೊಂಡುಹೋಗು ಮಾರಾಯ, ಸತ್ತಿದೆಯೋ ಬದುಕಿದೆಯೋ ಒಂದೂ ಗೊತ್ತಾಗುವುದಿಲ್ಲ." ಹೀಗೆ ನನ್ನ ಕೈಸೇರಿದ್ದು ಮೂರು. ಮೊದಲನೆಯದನ್ನು ನಾನೇ ಕೊಂದೆ. ಪಾಪ ಹಸಿದಿದೆ ಎಂದು ಬಂದ ದಿನವೇ ಹೊಟ್ಟೆ ಬಿರಿಯೆ ತಿನ್ನಿಸಿದ್ದೆ. ಆಮೇಲೆ ಇದೇ ತಪ್ಪನ್ನು ಇನ್ನೂ ನಾಲ್ಕಾರು ಮಂದಿ ಮಾಡಿದ್ದನ್ನು ಕಂಡೆ.

(ಇದು ಗದ್ದೆಯ ಗೋಂಕುರು ಕಪ್ಪೆಯ ವಿಷಯವಲ್ಲ. ಅದನ್ನು ಹಿಡಿದು ತರಲೇಬೇಡಿ, ಅದರ ಪಾಡಿಗೆ ಅದಿರಲಿ.)

1. ಸತ್ತಿದೆ ಎಂದು ಬಿಸಾಡಬೇಡಿ

ಪ್ಯಾಕ್‌ಮ್ಯಾನ್ ಕಪ್ಪೆಯ ಊರು ದಕ್ಷಿಣ ಅಮೆರಿಕ. ಅರ್ಜೆಂಟೀನಾ ಕಡೆಯ ಬಯಲಲ್ಲಿ ಮಳೆ ನಿಂತರೆ ಅದು ಮಣ್ಣೊಳಗೆ ಹೂತುಕೊಂಡು, ತನ್ನದೇ ಕಳಚಿದ ಚರ್ಮದ ಪದರಗಳನ್ನು ಹೊದ್ದು ತಿಂಗಳುಗಟ್ಟಲೆ ಕೂರುತ್ತದೆ. ನೀರು ಕಾಣದ ಡಬ್ಬಿಯಲ್ಲೂ ಅದೇ ಉಪಾಯ. ನೋಡಲು ಒಣಗಿದ ಸಿಪ್ಪೆಯ ಹಾಗಿರುತ್ತದೆ. ಆ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಬೇಡಿ. ನೆನೆದ ಮೇಲೆ ಕಪ್ಪೆಯೇ ಕಾಲಿನಿಂದ ಎಳೆದೆಳೆದು ತಿಂದು ಮುಗಿಸುತ್ತದೆ.

2. ನೀರು

ಎಲ್ಲರೂ ಎಡವುವುದು ಇಲ್ಲೇ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯಡಿಯ, ತೊಡೆ ಸಂದಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ. ನೀರಿನಲ್ಲಿ ಏನಿದೆಯೋ ಅದೆಲ್ಲ ಮೈಯೊಳಗೆ ಹೋಯಿತೆಂದೇ ಲೆಕ್ಕ.

ಪಡ್ರೆ, ಬಾಯಾರು ಕಡೆಯವರಿಗೆ ಚಿಂತೆಯಿಲ್ಲ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿದೆ. ಬಾವಿ ನೀರೂ ಆದೀತು. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆಯೇ ಎಂದು ಮನೆಯವರನ್ನು ಕೇಳಿಕೊಳ್ಳಿ. ಹಾಕಿದ್ದರೆ, ಅಥವಾ ನಳ್ಳಿ ನೀರಾದರೆ, ಅಗಲ ಬಾಯಿಯ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಡಿ. ಅಕ್ವೇರಿಯಂ ಅಂಗಡಿಯ ಆಂಟಿ-ಕ್ಲೋರಿನ್ ಹನಿಗಳೂ ಸರಿಯೇ.

ತಾಮ್ರದ ಹಂಡೆಯ ನೀರು ಮಾತ್ರ ಬೇಡ. ಅತ್ತೆಗೆ ಇದನ್ನು ಒಪ್ಪಿಸಲು ನನಗೆ ಸಾಕುಸಾಕಾಯಿತು. ತಾಮ್ರದ ನೀರು ಮನುಷ್ಯರಿಗೆ ಒಳ್ಳೆಯದಂತೆ, ಕಪ್ಪೆಗೆ ತಾಮ್ರ ವಿಷ. ಕೊಳೆರೋಗಕ್ಕೆ ಬೋರ್ಡೋ ಬಿಟ್ಟ ಅಡಿಕೆ ತೋಟದ ತೋಡಿನ ನೀರೂ ಅದೇ ಕಾರಣಕ್ಕೆ ಬೇಡ, ಅದರಲ್ಲಿರುವುದು ಮೈಲುತುತ್ತು, ಎಂದರೆ ತಾಮ್ರದ ಸಲ್ಫೇಟ್.

ಚಪ್ಪಟೆ ಬೇಸಿನ್ನಿನಲ್ಲಿ ಕಪ್ಪೆಯ ಗದ್ದದ ಕೆಳಗೆ ನಿಲ್ಲುವಷ್ಟೇ ನೀರು ಹಾಕಿ. ಈ ಕಪ್ಪೆಗೆ ಈಜು ಅಷ್ಟಕ್ಕಷ್ಟೆ, ಬಳಲಿದ್ದರೆ ಮುಳುಗಿ ಸಾಯುತ್ತದೆ. ಬಿಸಿ ಬೆರೆಸಬೇಡಿ, ಫ್ರಿಜ್ಜಿನ ನೀರೂ ಬೇಡ. ಕೈಯನ್ನು ಸೋಪು ಹಾಕದೆ ಬರೀ ನೀರಲ್ಲಿ ಚೆನ್ನಾಗಿ ತೊಳೆದು, ಒದ್ದೆ ಕೈಯಲ್ಲೇ ಎತ್ತಿ ಇಡಿ. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಾದರೆ ಬೇರೆಯವರನ್ನು ಕರೆಯಿರಿ. ಇಪ್ಪತ್ತು ನಿಮಿಷ ಹತ್ತಿರವೇ ಕೂತು ನೋಡಿ. ಮೊದಲ ಐದು ನಿಮಿಷ ಕಲ್ಲಿನಂತಿರುತ್ತದೆ. ಆಮೇಲೆ ಹಿಂಗಾಲು ಅಗಲಿಸಿ ಹೊಟ್ಟೆಯನ್ನು ಬೇಸಿನ್ನಿನ ತಳಕ್ಕೆ ಒತ್ತಿ ಚಪ್ಪಟೆಯಾಗುತ್ತದೆ. ಅದೇ ಕುಡಿಯುವುದು. ನೀರು ಚೆಲ್ಲಿ (ಎಲ್ಲಿಗೆ ಎಂದು 6ರಲ್ಲಿದೆ), ಸಂಜೆ ಹೊಸ ನೀರಿನಲ್ಲಿ ಮತ್ತೊಮ್ಮೆ ಕೂರಿಸಿ. ಹೀಗೆ ಮೂರು ದಿನ. ನನ್ನ ಮೂರನೆಯ ಕಪ್ಪೆಗೆ ಎರಡನೆಯ ಸಂಜೆ ಗುಳಿಬಿದ್ದ ಕಣ್ಣು ಮೇಲೆ ಬಂತು, ಮರುದಿನ ಬೆನ್ನಿನ ನೆರಿಗೆ ತುಂಬಿ ಹಸಿರು ಪಟ್ಟೆ ಕಂಡಿತು.

3. ಡಬ್ಬಿ

ಒಂದೂವರೆ ಅಡಿ ಉದ್ದದ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ತೂತು, ಒಂದು ಗಿಡ್ಡ ನೀರಿನ ತಟ್ಟೆ. ಮುಗಿಯಿತು.

ಮೊದಲ ವಾರ ತಳಕ್ಕೆ ಒದ್ದೆ ಟಿಶ್ಯೂ ಕಾಗದ ಸಾಕು. ಹೇತದ್ದು, ರಕ್ತ ಬಂದದ್ದು ಬಿಳಿಯ ಮೇಲೆ ಕಣ್ಣಿಗೆ ಬೀಳುತ್ತದೆ. ದಿನಾ ಬದಲಿಸಿ, ಕೊಳಕಿನಲ್ಲಿ ಕೂತರೆ ತನ್ನ ಉಚ್ಚೆಯನ್ನು ತಾನೇ ಹೀರಿಕೊಳ್ಳುತ್ತದೆ. ಆಮೇಲೆ ತೆಂಗಿನ ನಾರಿನ ಪುಡಿ. ಅಗ್ಗಕ್ಕೆ ಸಿಗುವ ಪುಡಿಯಲ್ಲಿ ಉಪ್ಪಿನಂಶ ಇರುವುದುಂಟು, ಕಂದು ಬಣ್ಣ ಬಿಡುವುದು ಕಡಿಮೆಯಾಗುವವರೆಗೆ ನಾಲ್ಕೈದು ನೀರಿನಲ್ಲಿ ತೊಳೆದು ಹಿಂಡಿ. ಬಣ್ಣದ ಜಲ್ಲಿಕಲ್ಲು ಹಾಕಿ ಕೊಟ್ಟರೆ ಅಂಗಡಿಯವನಿಗೇ ವಾಪಸು ಕೊಡಿ, ಕಪ್ಪೆ ಅದನ್ನೂ ನುಂಗುತ್ತದೆ. ಹೀಟಿಂಗ್ ಪ್ಯಾಡೂ ಬೇಡ. ಅದಕ್ಕೆ ಬೇಕಾದ್ದು 24ರಿಂದ 28 ಡಿಗ್ರಿ. ಕಾಸರಗೋಡಿನಲ್ಲಿ ನಮ್ಮ ಕಷ್ಟ ಏಪ್ರಿಲಿನ ಸೆಕೆ. ಟೆರೇಸಿನ ಕೆಳಗಿನ ಕೋಣೆ ಬಿಟ್ಟು ಚಾವಡಿಯ ಮೂಲೆಯಲ್ಲಿ, ನೆಲದ ಮೇಲೆ ಇಡಿ. ಕಪ್ಪೆ ಇರುವ ಕಡೆ ಸೊಳ್ಳೆಬತ್ತಿ, ಲಿಕ್ವಿಡ್ ಮೆಷಿನ್ ಯಾವುದೂ ಉರಿಯಬಾರದು.

4. ಊಟ

ನಾಲ್ಕನೆಯ ದಿನ ಒಂದೇ ಒಂದು ಎರೆಹುಳು, ಸಣ್ಣದು. ಅದು ಹೇಲಾಗಿ ಹೊರಬಂದ ಮೇಲೆ ಇನ್ನೊಂದು. ದಿನ ಬಿಟ್ಟು ದಿನಕ್ಕಿಂತ ಬೇಗ ಬೇಡ. ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪದ್ದನ್ನು ಸದ್ಯಕ್ಕೆ ಕೊಡಬೇಡಿ. ಗೊಬ್ಬರದ ತೊಟ್ಟಿಯಲ್ಲಿರುವ, ಮುಟ್ಟಿದರೆ ಹಳದಿ ರಸ ಬಿಡುವ ಸಪೂರ ಕೆಂಪು ಹುಳುವನ್ನು ಹಲವು ಕಪ್ಪೆಗಳು ಉಗುಳಿಬಿಡುತ್ತವೆ. ಮದ್ದು ಬೀಳದ ಬಾಳೆಬುಡ ಕೆದಕಿ. ಮರದ ಚಿಮಟದಲ್ಲಿ ಹಿಡಿದು ಮೂತಿಯೆದುರು ಆಡಿಸಿ, ಬೆರಳಲ್ಲಿ ಅಲ್ಲ. ಇದರ ಬಾಯಲ್ಲಿ ಹಲ್ಲಿದೆ, ನನ್ನ ತೋರುಬೆರಳಿಗೆ ನೆನಪಿದೆ.

ವಾರಕ್ಕೊಮ್ಮೆ ಹುಳುವನ್ನು ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಕ್ಯಾಲ್ಸಿಯಂ ತಾನೇ ಎಂದು ಒಬ್ಬರು ಎಲೆಯಡಿಕೆಯ ಸುಣ್ಣ ಸವರಿ ಕೊಟ್ಟಿದ್ದರು. ಬಾಯಿ ಸುಟ್ಟುಹೋಗಿತ್ತು.

5. ಡಾಕ್ಟರು

ತೊಡೆ, ಹೊಟ್ಟೆಯಡಿ ಕೆಂಪಾಗಿದ್ದರೆ, ದವಡೆ ರಬ್ಬರಿನಂತೆ ಬಾಗಿದರೆ, ಮೈ ಬಲೂನಿನಂತೆ ಊದಿದರೆ ಮನೆಮದ್ದು ನಿಲ್ಲಿಸಿ. ದನ ನೋಡುವ ಡಾಕ್ಟರೆಲ್ಲ ಕಪ್ಪೆ ನೋಡುವುದಿಲ್ಲ, ಹೊರಡುವ ಮೊದಲು ಫೋನು ಮಾಡಿ ಫೋಟೊ ಕಳಿಸಿ.

6. ತೊಳೆದ ನೀರು

ತೋಡಿಗೆ, ಕೆರೆಗೆ ಚೆಲ್ಲಬೇಡಿ. ಹೊರದೇಶದ ಕಪ್ಪೆಯ ಮೈಯಲ್ಲಿ ಕಿಟ್ರಿಡ್ ಎಂಬ ಶಿಲೀಂಧ್ರ ಇರಬಹುದು, ಜಗತ್ತಿನ ಹಲವೆಡೆ ಕಪ್ಪೆಗಳನ್ನು ಸಾಮೂಹಿಕವಾಗಿ ಕೊಂದದ್ದು ಅದೇ. ಬೇರೆ ಬಾಲ್ದಿಯಲ್ಲಿ ಬ್ಲೀಚಿಂಗ್ ಪೌಡರ್ ಬೆರೆಸಿ ಅರ್ಧ ಗಂಟೆ ಇಟ್ಟು, ಬಿಸಿಲು ಬೀಳುವ ಒಣ ನೆಲಕ್ಕೆ ಹೊಯ್ಯಿರಿ. ಆ ಬಾಲ್ದಿಗೆ ಗುರುತು ಹಾಕಿಡಿ, ಕಪ್ಪೆಯ ನೀರಿಗೆ ಮತ್ತೆ ಅದನ್ನು ಬಳಸಬೇಡಿ. ಸಾಕಲಾಗದಿದ್ದರೆ ಸಾಕುವವರನ್ನು ಹುಡುಕಿ ಕೊಡಿ. ಬಾವಿಗೋ ಗದ್ದೆಗೋ ಬಿಡುವುದಂತೂ ಬೇಡವೇ ಬೇಡ.