ಬಾದಾಮಿ ಗುಹೆಯ ನೆರಳು, ಹೊರಗಿನ ಬಿಸಿಲು: ಎಚ್‌ಡಿಆರ್ ಫೋಟೋ ತೆಗೆದ ನನ್ನ ಅನುಭವ

ಬಾದಾಮಿಯ ಮೂರನೇ ಗುಹೆಯಲ್ಲಿ ನಿಂತರೆ ಕಣ್ಣಿಗೆ ಎಲ್ಲವೂ ಕಾಣುತ್ತದೆ. ಆದಿಶೇಷನ ಮೇಲೆ ಕೂತ ವಿಷ್ಣು, ಕೆತ್ತನೆಯ ಕಂಬಗಳು, ಅವುಗಳ ಸಂದಿಯಲ್ಲಿ ಎದುರಿನ ಗುಡ್ಡ. ಕ್ಯಾಮೆರಾಗೆ ಅಷ್ಟು ಸಾಮರ್ಥ್ಯ ಇಲ್ಲ. ವಿಷ್ಣುವಿಗೆ ಬೆಳಕು ಹೊಂದಿಸಿದರೆ ಆಕಾಶ ಬಿಳಿ ಹಾಳೆ. ಆಕಾಶಕ್ಕೆ ಹೊಂದಿಸಿದರೆ 578ರ ಶಾಸನ ಇರುವ ಆ ಗುಹೆಯೇ ಕಪ್ಪು. ಅದಕ್ಕೇ ನಾನು ಇಲ್ಲಿ ಮೂರು ಎಕ್ಸ್‌ಪೋಶರ್, ಅಂದರೆ ಒಂದೇ ನೋಟದ ಕಡಿಮೆ, ಮಧ್ಯಮ, ಹೆಚ್ಚು ಬೆಳಕಿನ ಚಿತ್ರಗಳನ್ನು ತೆಗೆದು ಸೇರಿಸುತ್ತೇನೆ. ಇದಕ್ಕೇ ಎಚ್‌ಡಿಆರ್ ಅನ್ನುವುದು.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ವೈಡ್ ಲೆನ್ಸ್, ಮ್ಯಾನುಯಲ್ ಮೋಡ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಅಪರ್ಚರ್ (ಲೆನ್ಸ್‌ನೊಳಗಿನ ಕಿಂಡಿ) ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400. ಷಟರ್ ಮಾತ್ರ ಬದಲಾಗಬೇಕು: 1/2000, 1/250, 1/30 ಸೆಕೆಂಡ್. ಒಂದಕ್ಕೂ ಇನ್ನೊಂದಕ್ಕೂ ಮೂರು ಸ್ಟಾಪ್ ಅಂತರ, ಅಂದರೆ ಸುಮಾರು ಎಂಟು ಪಟ್ಟು ಬೆಳಕು. ಅಪರ್ಚರ್ ಬದಲಾದರೆ ಫೋಕಸ್ ಇರುವ ಆಳವೂ ಬದಲಾಗುತ್ತದೆ, ಚಿತ್ರಗಳು ಸರಿಯಾಗಿ ಕೂಡುವುದಿಲ್ಲ. ಫೋಕಸ್ ಲಾಕ್ ಮಾಡಿ, ಆಟೋ ಬ್ರಾಕೆಟಿಂಗ್ (ಬೇರೆ ಬೇರೆ ಬೆಳಕಿನ ಚಿತ್ರಗಳನ್ನು ಕ್ಯಾಮೆರಾ ತಾನೇ ಸಾಲಾಗಿ ತೆಗೆಯುವ ವ್ಯವಸ್ಥೆ) ಹಾಕಿ, ಬಟನ್ ಒತ್ತಿ ಹಿಡಿದರೆ ಮೂರೂ ಒಟ್ಟಿಗೆ ಬರುತ್ತವೆ. ಬೆಳಕು ಬೇರೆ ಇದ್ದರೆ ಈ ಅಂಕಿ ನಂಬಬೇಡಿ, ಕ್ಯಾಮೆರಾದ ಹಿಸ್ಟೋಗ್ರಾಮ್ ನೋಡಿ; ಅದು ಎಡಗಡೆ ಕಪ್ಪು, ಬಲಗಡೆ ಬಿಳಿ ಎಷ್ಟಿದೆ ಅಂತ ತೋರಿಸುವ ಗ್ರಾಫ್. ಅತಿ ಕಪ್ಪು ಚಿತ್ರದಲ್ಲಿ ಗ್ರಾಫ್ ಬಲಗಡೆ ಅಂಚಿಗೆ ತಾಗಬಾರದು, ಅತಿ ಬೆಳಕಿನದರಲ್ಲಿ ಎಡಗಡೆ ತಾಗಬಾರದು.

ಮನೆಗೆ ಬಂದು ಲೈಟ್‌ರೂಮ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಮೂರನ್ನೂ ಆರಿಸಿ ಎಚ್‌ಡಿಆರ್ ಮರ್ಜ್ ಕೊಡುತ್ತೇನೆ. ಕೈ ಸ್ವಲ್ಪ ಅಲುಗಾಡಿದ್ದರೂ ಆಟೋ ಅಲೈನ್ ಸರಿಮಾಡುತ್ತದೆ. ಬಾದಾಮಿಯಲ್ಲಿ ಕೋತಿಗಳು ಜಾಸ್ತಿ, ಜನರೂ ಓಡಾಡುತ್ತಾರೆ. ಒಂದೇ ಕೋತಿ ಮೂರು ಕಡೆ ದೆವ್ವದ ಹಾಗೆ ಮಸುಕಾಗಿ ಕಾಣಬಾರದು ಅಂದರೆ ಅಲ್ಲೇ ಇರುವ ಡೀಗೋಸ್ಟ್ ಆಯ್ಕೆ ಬೇಕು. ಆದರೆ 'ಲೋ' ಸಾಕು. ಡೀಗೋಸ್ಟ್ ಅಲುಗಾಡಿದ ಜಾಗಕ್ಕೆ ಒಂದೇ ಚಿತ್ರವನ್ನು ಬಳಸುತ್ತದೆ, ಅಲ್ಲಿ ಕಾಳುಕಾಳು ಕಾಣಿಸಬಹುದು.

ನಿಜವಾದ ಕೆಲಸ ಇನ್ನು ಮುಂದೆ. ನೆರಳನ್ನು ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಕೊನೆವರೆಗೆ ಎಳೆಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಈ ಗುಹೆಗಳು ಉತ್ತರಕ್ಕೆ ಮುಖ ಮಾಡಿವೆ. ವಿಷ್ಣುವಿನ ಮೇಲೆ ಬೆಳಕು ಒಂದು ಪಕ್ಕದಿಂದ ಬೀಳುತ್ತದೆ. ಕೆನ್ನೆ, ಕಿರೀಟ, ಹಾವಿನ ಹೆಡೆ ಎದ್ದು ಕಾಣುವುದು ಇನ್ನೊಂದು ಪಕ್ಕದ ನೆರಳಿನಿಂದಲೇ ಅಲ್ವಾ? ನೆರಳು ಅಳಿಸಿದರೆ ಶಿಲ್ಪ ಚಪ್ಪಟೆ. ಕಲ್ಲಿನ ಕೆಂಪೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ವಿವರಗಳನ್ನು ಎದ್ದು ಕಾಣಿಸುವ ಕ್ಲಾರಿಟಿ ಸ್ಲೈಡರ್ ಹೆಚ್ಚಾದರೆ ಕಂಬಗಳ ಸುತ್ತ ಬಿಳಿ ಅಂಚು ಬರುತ್ತದೆ. ನಾನು ಮೂಲೆಗಳನ್ನು ಕತ್ತಲಾಗಿಯೇ ಬಿಡುತ್ತೇನೆ, ಆಕಾಶವನ್ನು ಗುಹೆಗಿಂತ ಬೆಳ್ಳಗೇ ಇಡುತ್ತೇನೆ.

ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಲೇಬೇಕು ಅಂತೇನಿಲ್ಲ. ಹ್ಯೂಗಿನ್ ಅನ್ನುವ ಚಿತ್ರ ಜೋಡಿಸುವ ಸಾಫ್ಟ್‌ವೇರ್ ಜೊತೆ ಉಚಿತವಾಗಿ ಸಿಗುವ ಎನ್‌ಫ್ಯೂಸ್ ಪ್ರತಿ ಚಿತ್ರದಿಂದ ಬೆಳಕು ಸರಿಯಾಗಿ ಬಿದ್ದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಕಲ್ಲಿನ ಕೆತ್ತನೆಗೆ ಅದರ ಫಲಿತಾಂಶ ಎಷ್ಟೋ ಸಲ ನನಗೆ ಹೆಚ್ಚು ಸಹಜ ಅನ್ನಿಸಿದೆ.